ನಾಯಿಯ ಮೂಗಿನ ಗಡ್ಡೆ: ಕೈ ಬಿಡುವ ಮೊದಲು ಒಂದು ಸ್ಲೈಡು ನೋಡಿಸಿ

ಎತ್ತಿಗೆ ಕಾಯಿಲೆಯಾದರೆ ನಡುರಾತ್ರಿಯಲ್ಲೂ ಡಾಕ್ಟರ ಮನೆ ಬಾಗಿಲು ಬಡಿಯುತ್ತೇವೆ. ಎಮ್ಮೆ ಮೇವು ಬಿಟ್ಟರೆ ಮನೆಮಂದಿಗೆ ಊಟ ಸೇರುವುದಿಲ್ಲ. ಅದೇ ನಾಯಿಗಾದರೆ? 'ಗರಿಕೆ ತಿಂದು ತಾನೇ ಆರಾಮ ಮಾಡಿಕೊಳ್ತದ ಬಿಡ್ರಿ' ಎನ್ನುತ್ತೇವೆ. ಆರಾಮಾಗದಿದ್ದರೆ ಊರ ಹೊರಗೆ ಬಿಟ್ಟು ಬರುವವರೂ ಇದ್ದಾರೆ.

ಆದರೆ ಲೆಕ್ಕ ಹಾಕಿ ನೋಡಿ. ಕಮಲಾಪುರದ ಕೆಂಪು ಬಾಳೆ ವರ್ಷಕ್ಕೂ ಮೀರಿ ಕಾಯಬೇಕಾದ ಬೆಳೆ. ಕಾಡುಹಂದಿಗಳ ಹಿಂಡು ಒಂದು ರಾತ್ರಿ ನುಗ್ಗಿದರೆ ಅಷ್ಟು ದಿನದ ದುಡಿಮೆ ನೆಲಕ್ಕೆ. ತೊಗರಿಯದೂ ಅದೇ ಕತೆ. ಆಳು ಇಟ್ಟು ರಾತ್ರಿ ಕಾಯಿಸುವ ಶಕ್ತಿ ಸಣ್ಣ ರೈತನಿಗೆ ಎಲ್ಲಿದೆ? ಎರಡು ಜೋಳದ ರೊಟ್ಟಿ, ಒಂದಿಷ್ಟು ಮಜ್ಜಿಗೆಗೆ ಇಡೀ ರಾತ್ರಿ ಹೊಲ ಕಾಯುವುದು ನಾಯಿ ಮಾತ್ರ. ಅದರ ಕಾಯಿಲೆಯ ಬಗ್ಗೆ ಕೃಷಿ ಪತ್ರಿಕೆಯಲ್ಲಿ ಯಾಕೆ ಬರೆಯಬಾರದು? ನಮ್ಮ ಹೊಲದ ನಾಯಿಯ ಅನುಭವದಿಂದ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಒಂದೇ ಹೊಳ್ಳೆಯಲ್ಲಿ ರಕ್ತ

ನಮ್ಮ ಭೀಮ ಜವಾರಿ ನಾಯಿ. ಗಂಡು. ವಯಸ್ಸು ಐದು. ಹೋದ ವರ್ಷ ತೊಗರಿ ಹೂ ಬಿಡುವ ಹೊತ್ತಿಗೆ ಅದಕ್ಕೆ ಸೀನು ಶುರುವಾಯಿತು. ನಾಲ್ಕು ದಿನ ಕಳೆದ ಮೇಲೆ ಬಲ ಹೊಳ್ಳೆಯಲ್ಲಿ ರಕ್ತ. ಒಮ್ಮೆ ಹನಿ ಹನಿ, ಇನ್ನೊಮ್ಮೆ ಸಿಂಬಳದ ಜೊತೆ. ಮಲಗಿದರೆ ಗೊರಕೆ. ಮೂಗಿನ ದಿಂಡಿನ ಬಲಗಡೆ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತಿತ್ತು.

ಊರಲ್ಲಿ ಸಲಹೆಗೆ ಬರ ಇಲ್ಲ. ಉಷ್ಣ ಎಂದರು, ದೃಷ್ಟಿ ಎಂದರು. ಔಷಧ ಅಂಗಡಿಯವನೊಬ್ಬ ಮನುಷ್ಯರ ನೋವಿನ ಗುಳಿಗೆ ಕಟ್ಟಿಕೊಡಲು ಬಂದ, ನಾನು ಬೇಡವೆಂದೆ. ಪ್ರಾಣಿಗಳಿಗೆ ಔಷಧ ಕೊಡುವ ಒಬ್ಬರು ನಾಯಿಯನ್ನು ಮುಟ್ಟಿಯೂ ನೋಡದೆ, 'ಮೂಗಿನ ಕ್ಯಾನ್ಸರ್ ಅದ. ಸುಮ್ಮ ರೊಕ್ಕ ಹಾಳು ಮಾಡಬ್ಯಾಡ್ರಿ, ಬಿಟ್ಟುಬಿಡ್ರಿ' ಎಂದುಬಿಟ್ಟರು.

ಮುಟ್ಟಿ ನೋಡದೆ ಹೇಳಿದ ಆ ಮಾತು ನನಗೆ ಹಿಡಿಸಲಿಲ್ಲ. ಭೀಮನನ್ನು ಕಲಬುರಗಿಗೆ ಕರೆದೊಯ್ದೆ.

ರಕ್ತಕ್ಕೆ ಕಾರಣ ಹತ್ತಾರು

ಅಲ್ಲಿ ನೋಡಿದವರು ಚಿಕ್ಕ ವಯಸ್ಸಿನ ಪಶುವೈದ್ಯರು. ಅವರು ಮೊದಲು ಕೇಳಿದ ಪ್ರಶ್ನೆ: 'ಕಾಕಾ, ಹೊಲದಾಗ ಇಲಿ ಔಷಧ ಇಟ್ಟೀರೇನು?'

ಇಲಿಗೆ ಇಡುವ ಬ್ರೋಮಾಡಿಯೋಲೋನ್ ಬಿಲ್ಲೆಯನ್ನು ನಾಯಿ ತಿಂದರೆ, ಅಥವಾ ಅದನ್ನು ತಿಂದು ಸತ್ತ ಇಲಿಗಳನ್ನು ತಿಂದರೆ, ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಮೂಗು, ವಸಡು, ಎಲ್ಲಿ ಬೇಕಾದರೂ ರಕ್ತ ಬರಬಹುದು. ಅದಕ್ಕೆ ವಿಟಮಿನ್ ಕೆ ಮದ್ದು. ತಡಮಾಡಿದರೆ ನಾಯಿ ಉಳಿಯುವುದಿಲ್ಲ.

ಎರಡನೆಯದು ಉಣ್ಣಿ ಜ್ವರ. ನಾಯಿ ಉಣ್ಣಿ ಕಚ್ಚಿ ಹರಡುವ ಎರ್ಲಿಕಿಯಾ ಎಂಬ ಸೂಕ್ಷ್ಮಜೀವಿ ರಕ್ತದ ಪ್ಲೇಟ್‌ಲೆಟ್ ಕಡಿಮೆ ಮಾಡುತ್ತದೆ. ನಮ್ಮ ದೇಶದಲ್ಲಿ ನಾಯಿಗೆ ಮೂಗಿನಿಂದ ರಕ್ತ ಬರಲು ಇದು ಬಲು ಸಾಮಾನ್ಯ ಕಾರಣ. ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಮೂರು ನಾಲ್ಕು ವಾರ ಬಿಡದೆ ಕೊಟ್ಟರೆ ಬಹಳಷ್ಟು ನಾಯಿ ಚೇತರಿಸಿಕೊಳ್ಳುತ್ತವೆ.

ಇವಲ್ಲದೆ ಮೂಗಿನೊಳಗೆ ಸಿಕ್ಕಿಕೊಂಡ ಹುಲ್ಲಿನ ಮುಳ್ಳು, ಗಾಯದಲ್ಲಿ ಬಿದ್ದ ಹುಳ, ಮೇಲಿನ ಹಲ್ಲಿನ ಬೇರಿನ ಕೀವು, ಮೂಗಿನ ಬೂಷ್ಟು, ಮಲೆನಾಡಿನ ಕಡೆಯಾದರೆ ಜಿಗಣೆ. ಎಲ್ಲ ಆದ ಮೇಲೆ ಗಡ್ಡೆಯ ಮಾತು.

ಎರಡೂ ಹೊಳ್ಳೆಯಲ್ಲಿ ರಕ್ತ ಬಂದು, ವಸಡು ಬಿಳಿಚಿಕೊಂಡು, ಮೈಮೇಲೆ ಕೆಂಪು ಚುಕ್ಕೆ ಕಂಡರೆ ಇಡೀ ಮೈಯ ರಕ್ತದ ತೊಂದರೆ ಇರಬಹುದು. ಒಂದೇ ಹೊಳ್ಳೆಯಿಂದ ವಾರಗಟ್ಟಲೆ ರಕ್ತ ಬಂದು, ಆ ಕಡೆ ಉಸಿರು ಕಟ್ಟಿ, ಮುಖ ಉಬ್ಬಿದರೆ ಗಡ್ಡೆಯ ಗುಮಾನಿ ಹೆಚ್ಚು. ಎತ್ತು ಕಟ್ಟಿದವರಿಗೆ ಇದು ಹೊಸದಲ್ಲ. ಕೋಡಿನ ಕ್ಯಾನ್ಸರ್ ಆದ ಎತ್ತು ತಲೆ ಒಂದು ಕಡೆಗೆ ವಾಲಿಸುತ್ತದೆ, ಅದೇ ಕಡೆಯ ಹೊಳ್ಳೆಯಲ್ಲಿ ರಕ್ತ ಸುರಿಸುತ್ತದೆ. ಕೋಡಿನ ಪೊಳ್ಳಿಗೂ ಮೂಗಿಗೂ ಒಳಗಿಂದ ದಾರಿ ಇರುವುದರಿಂದ ಹಾಗಾಗುತ್ತದೆ.

ಭೀಮನ ರಕ್ತ ಪರೀಕ್ಷೆ ಮಾಡಿಸಿದೆವು. ಪ್ಲೇಟ್‌ಲೆಟ್ ಸರಿಯಾಗಿತ್ತು. ಇಲಿ ಔಷಧ ನಾವು ಇಟ್ಟಿರಲಿಲ್ಲ. ಅಂದರೆ ಗಡ್ಡೆಯೇ.

ಅಳಿಯನ ಫೋನು

ಅಷ್ಟರಲ್ಲಿ ಹೈದರಾಬಾದಿನಲ್ಲಿ ನೌಕರಿಗಿರುವ ಅಕ್ಕನ ಮಗ ಫೋನ್ ಮಾಡಿದ. 'ಮಾಮಾ, ನೀವ್ ಹೇಳೋದು ಕೇಳಿದ್ರ ಮೂಗಿನ ಕ್ಯಾನ್ಸರೇ ಅನಸ್ತದ. ಫಾರಿನ್ನಾಗ ನಾಯಿಗೋಳಿಗಿ ರೇಡಿಯೇಶನ್ ಕೊಡ್ತಾರ. ನಮ್ಮ ಕಡಿ ಸಿಗ್ತದೇನು ಕೇಳ್ರಿ.'

ನಾಯಿಗೆ ರೇಡಿಯೇಶನ್! ನಮ್ಮ ಜನ 'ಕರೆಂಟು ಕೊಡೋದು' ಎನ್ನುವ ವಿಕಿರಣ ಚಿಕಿತ್ಸೆ. ನಾನು ಡಾಕ್ಟರನ್ನು ಕೇಳಿಯೇಬಿಟ್ಟೆ. ಅವರು ನಗಲಿಲ್ಲ. ಕಾಗದದ ಮೇಲೆ ನಾಯಿಯ ತಲೆ ಬರೆದು ಸಮಾಧಾನದಿಂದ ತಿಳಿಸಿದರು. ಅದರ ಸಾರ ಇದು.

ನಾಯಿಯ ಮೂಗು ಬರೀ ಟೊಳ್ಳಲ್ಲ. ಒಳಗೆ ಬಾಳೆಯ ಸುಳಿಯಂತೆ ಸುರುಳಿ ಸುತ್ತಿದ ತೆಳು ಮೂಳೆಗಳಿವೆ. ನಾಯಿಯ ವಾಸನೆಯ ಶಕ್ತಿಗೆ ಇವು ಬೇಕೇ ಬೇಕು. ಕ್ಯಾನ್ಸರ್ ಈ ಸುರುಳಿಗಳ ಸಂದಿಯಲ್ಲಿ ಹಬ್ಬುತ್ತದೆ. ಮೇಲೆ ಮಿದುಳು, ಪಕ್ಕದಲ್ಲಿ ಕಣ್ಣು. ನಡುವೆ ಇರುವುದು ತೆಳ್ಳಗಿನ ಮೂಳೆ. ಆದ್ದರಿಂದ ಕೊಯ್ದು ಪೂರ್ತಿ ತೆಗೆಯಲಾಗದು. ಬರೀ ಆಪರೇಶನ್ ಮಾಡಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಹಾಗಾಗಿ ಮೂಗಿನ ಕ್ಯಾನ್ಸರಿಗೆ ಮುಖ್ಯ ಚಿಕಿತ್ಸೆ ಎಂದು ಜಗತ್ತಿನಾದ್ಯಂತ ಒಪ್ಪಿರುವುದು ವಿಕಿರಣವನ್ನೇ. ಪ್ರಾಣಿಗಳಿಗೆ ವಿಕಿರಣ ಕೊಡುವುದು ಹೊಸದೂ ಅಲ್ಲ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಅಲೋಯಿಸ್ ಪೊಮ್ಮರ್ ಎಂಬ ಪಶುವೈದ್ಯ ಕಳೆದ ಶತಮಾನದಲ್ಲೇ ಇದರ ದಾರಿ ಹಾಕಿಕೊಟ್ಟವರು.

ಕೆಲಸ ಮಾಡುವ ಬಗೆ ಹೀಗೆ: ಯಂತ್ರದಿಂದ ಬರುವ ಬಲವಾದ ಎಕ್ಸ್-ರೇ ಕಿರಣ ಜೀವಕೋಶದ ಒಳಗಿನ ಡಿ.ಎನ್.ಎ. ಎಳೆಯನ್ನು ಕತ್ತರಿಸುತ್ತದೆ. ಒಂದೇ ಸಮ ಒಡೆದು ಬೆಳೆಯುವ ಕ್ಯಾನ್ಸರ್ ಕೋಶಕ್ಕೆ ಈ ಪೆಟ್ಟು ತಾಳುವುದು ಕಷ್ಟ. ಒಳ್ಳೆಯ ಕೋಶಕ್ಕೂ ಪೆಟ್ಟು ಬೀಳುತ್ತದೆ, ಆದರೆ ಅದು ರಿಪೇರಿ ಮಾಡಿಕೊಳ್ಳಬಲ್ಲದು. ಅದಕ್ಕೆ ಸಮಯ ಸಿಗಲೆಂದು ಕಂತು ಕಂತಾಗಿ ಕೊಡುತ್ತಾರೆ. ವಿಕಿರಣದ ಅಳತೆಗೆ 'ಗ್ರೇ' ಎಂದು ಹೆಸರು. ಪೂರ್ಣ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಒಟ್ಟು 40ರಿಂದ 55 ಗ್ರೇಯಷ್ಟನ್ನು 10ರಿಂದ 20 ಕಂತುಗಳಲ್ಲಿ, ಮೂರು ನಾಲ್ಕು ವಾರ ಕೊಡುತ್ತಾರೆ. ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ಗಡ್ಡೆಯ ನಕ್ಷೆ ತೆಗೆಯಬೇಕು. ಕಿರಣ ಬೀಳುವಾಗ ನಾಯಿ ಕೂದಲೆಳೆಯಷ್ಟೂ ಅಲುಗಾಡಬಾರದು. ಆದ್ದರಿಂದ ಪ್ರತಿ ಕಂತಿಗೂ ಅರಿವಳಿಕೆ!

ವಾಸಿ ಮಾಡುವ ಆಸೆ ಇಲ್ಲದಿದ್ದರೂ ನೋವು, ರಕ್ತ ಕಡಿಮೆ ಮಾಡಲು ವಾರಕ್ಕೊಮ್ಮೆಯಂತೆ ನಾಲ್ಕಾರು ದೊಡ್ಡ ಕಂತು ಕೊಡುವ ಪದ್ಧತಿಯೂ ಇದೆ. ಗಡ್ಡೆಗೆ ಮಾತ್ರ ಗುರಿಯಿಟ್ಟು ಮೂರೇ ಕಂತಿನಲ್ಲಿ ಮುಗಿಸುವ ಹೊಸ ಯಂತ್ರಗಳೂ ಬಂದಿವೆ.

ಪ್ರಯೋಜನ ಎಷ್ಟು? ಮೂಗಿನ ಕ್ಯಾನ್ಸರ್ ಇದ್ದು ಚಿಕಿತ್ಸೆಯಿಲ್ಲದ 139 ನಾಯಿಗಳ ದಾಖಲೆ ನೋಡಿದ ಅಮೆರಿಕದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಗಿದೆ. ಅವುಗಳಲ್ಲಿ ಅರ್ಧದಷ್ಟು 95 ದಿನದೊಳಗೇ ಹೋಗಿದ್ದವು. ವಿಕಿರಣ ಕೊಟ್ಟ ನಾಯಿಗಳು ಹೆಚ್ಚಾಗಿ ಒಂದು ವರ್ಷದ ಆಚೀಚೆ, ಕೆಲವು ಒಂದೂವರೆ ವರ್ಷ ಬದುಕುತ್ತವೆ. ಪೂರ್ತಿ ವಾಸಿಯಾಗುವುದು ಅಪರೂಪ. ಅಡ್ಡ ಪರಿಣಾಮವೂ ಇದೆ. ಕೂದಲು ಉದುರುವುದು, ಬಾಯಿ ಮೂಗಿನ ಒಳಪೊರೆ ಹುಣ್ಣಾಗುವುದು, ಕಣ್ಣು ಒಣಗುವುದು. ಮುಂದೆ ಕಣ್ಣಿಗೆ ಪೊರೆಯೂ ಬರಬಹುದು.

'ಕಲಬುರಗಿಯಾಗ ಕಿದ್ವಾಯಿ ಕೇಂದ್ರ ಅದಲ್ರಿ, ಅಲ್ಲಿ ಆಗಲ್ಲೇನು?' ಎಂದು ಕೇಳಿದೆ. ಅದು ಮನುಷ್ಯರಿಗೆ. ಕ್ಯಾನ್ಸರ್ ಆದ ಬಡವರು ದೂರದೂರದಿಂದ ಬಂದು ಸರದಿಯಲ್ಲಿ ಕಾಯುವ ಕಡೆ ನಾಯಿಯನ್ನು ಮಲಗಿಸಿ ಎನ್ನುವುದು ನ್ಯಾಯವೂ ಅಲ್ಲ. ಇಂಥ ಯಂತ್ರ ಕೂರಿಸಲು ಗೋಡೆಯ ದಪ್ಪದಿಂದ ಹಿಡಿದು ನಡೆಸುವ ತಜ್ಞರವರೆಗೆ ಎಲ್ಲಕ್ಕೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಪ್ರತಿ ಪಶು ಆಸ್ಪತ್ರೆಯಲ್ಲಿ ಇಡುವಂಥದ್ದಲ್ಲ. ಹೊಲದ ನಾಯಿಗೆ ಅದು ಕೈಗೆಟುಕದ ಮಾತು.

ನನ್ನ ಮುಖ ಇಳಿದದ್ದು ಕಂಡು ಡಾಕ್ಟರು ಹೇಳಿದರು: 'ಕಾಕಾ, ಹೆಸರು ಗೊತ್ತಿಲ್ಲದ ಕಳೆಗೆ ಔಷಧ ಹೊಡೀತೀರೇನು? ಮೊದಲು ಇದು ಯಾವ ಗಡ್ಡಿ ಅಂತ ನೋಡೋಣ್ರಿ.'

ಗಾಜಿನ ಪಟ್ಟಿ ಹೇಳಿದ್ದು

ಭೀಮನಿಗೆ ಮಂಪರು ಕೊಟ್ಟು, ಹೊಳ್ಳೆಯ ಆಳದಿಂದ ಸ್ವಲ್ಪ ಮಾಂಸದ ಚೂರು ತೆಗೆದು ಗಾಜಿನ ಪಟ್ಟಿಯ ಮೇಲೆ ಒತ್ತಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ದುಂಡು ದುಂಡು ಕೋಶಗಳು. ಪ್ರತಿಯೊಂದರ ಒಳಗೂ ಸಾಲಾಗಿ ನೀರ ಗುಳ್ಳೆಯಂಥ ಬಿಳಿ ಚುಕ್ಕೆ.

'ನಿಮ್ಮ ನಾಯಿ ಪುಣ್ಯ ಮಾಡ್ಯದ ಕಾಕಾ' ಎಂದರು.

ಅದು ಟಿ.ವಿ.ಟಿ. ಎಂಬ ಗಡ್ಡೆ. ನಾಯಿಯಿಂದ ನಾಯಿಗೆ ಅಂಟುವ ಗಡ್ಡೆ. ಹೆಚ್ಚಾಗಿ ಬರುವುದು ಜನನಾಂಗದಲ್ಲಿ. ಬೀದಿನಾಯಿಗಳಲ್ಲಿ ಹೂಕೋಸಿನಂಥ ಕೆಂಪು ಮಾಂಸ ಜೋತುಬಿದ್ದು ರಕ್ತ ಸೋರುವುದನ್ನು ನೀವೂ ನೋಡಿರುತ್ತೀರಿ. ಸಂಗದಿಂದ ಹರಡುತ್ತದೆ. ರೋಗವಿರುವ ಜಾಗವನ್ನು ಮೂಸಿದರೆ, ನೆಕ್ಕಿದರೆ ಮೂಗಿಗೂ ಬಾಯಿಗೂ ಬರುತ್ತದೆ. ಮೂಸುವ ಚಟ ಗಂಡಿಗೇ ಹೆಚ್ಚು. ಆದ್ದರಿಂದ ಮೂಗಿನ ಟಿ.ವಿ.ಟಿ. ಗಂಡು ನಾಯಿಯಲ್ಲೇ ಹೆಚ್ಚು.

ಇದರ ಕತೆ ಕೇಳಿ ನನಗೆ ಬೆರಗಾಯಿತು. ಇಲ್ಲಿ ಅಂಟುವುದು ವೈರಸ್ ಅಲ್ಲ, ಕ್ಯಾನ್ಸರ್ ಕೋಶವೇ ಅಂಟುತ್ತದೆ! ಬಾಳೆಯ ಕಂದು ಕಿತ್ತು ಬೇರೆ ಕಡೆ ನೆಟ್ಟ ಹಾಗೆ. ಸಾವಿರಾರು ವರ್ಷದ ಹಿಂದೆ ಸತ್ತ ಯಾವುದೋ ಒಂದು ನಾಯಿಯ ಕೋಶ ಮೈಯಿಂದ ಮೈಗೆ ದಾಟುತ್ತ ಇಂದಿಗೂ ಬದುಕಿದೆ. ನಾಯಿಯ ಕೋಶದಲ್ಲಿ 78 ವರ್ಣತಂತುಗಳಿದ್ದರೆ ಈ ಗಡ್ಡೆಯ ಕೋಶದಲ್ಲಿ 60ರ ಆಸುಪಾಸು ಮಾತ್ರ. ಈ ಗಡ್ಡೆಯನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ನಾಟಿ ಮಾಡಿ ತೋರಿಸಿದ್ದು ರಷ್ಯಾದ ಪಶುವೈದ್ಯ ನೊವಿನ್‌ಸ್ಕಿ, 1876ರಲ್ಲಿ.

ಒಳ್ಳೆಯ ಸುದ್ದಿ ಎಂದರೆ ಇದು ಮದ್ದಿಗೆ ಬಗ್ಗುವ ಗಡ್ಡೆ. ವಿಕಿರಣಕ್ಕೂ ಬೇಗ ಕರಗುತ್ತದೆ, ಆದರೆ ವಿಕಿರಣ ಬೇಕಾಗುವುದು ಮದ್ದಿಗೆ ಜಗ್ಗದಿದ್ದಾಗ ಮಾತ್ರ. ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ ವಾರಕ್ಕೊಂದರಂತೆ ನಾಲ್ಕರಿಂದ ಆರು ಕೊಟ್ಟರೆ ಹತ್ತರಲ್ಲಿ ಒಂಬತ್ತು ನಾಯಿ ಗುಣವಾಗುತ್ತವೆ. ಈ ಮದ್ದು ಸಿಗುವುದು ನಮ್ಮ ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ. 1963ರಿಂದ ಮಕ್ಕಳ ರಕ್ತದ ಕ್ಯಾನ್ಸರಿಗೂ ಇದನ್ನೇ ಬಳಸುತ್ತ ಬಂದಿದ್ದಾರೆ. ಹಾಗಂತ ಯಾರೂ ಸೊಪ್ಪು ಅರೆದು ನಾಯಿಗೆ ಕುಡಿಸಬೇಡಿ! ಗಿಡದಲ್ಲಿ ಮದ್ದಿನ ಅಂಶ ಅತಿ ಸ್ವಲ್ಪ, ಬೇರೆ ವಿಷಗಳೂ ಇವೆ.

ಐವಾನ್-ಎ-ಶಾಹಿಯಲ್ಲಿ ಐದು ವಾರ

ಪ್ರತಿ ವಾರ ಕಮಲಾಪುರದಿಂದ ನಾಯಿ ಒಯ್ದು ತರುವುದು ಕಷ್ಟ. ಬಸ್ಸಿನಲ್ಲಿ ಹತ್ತಿಸುವುದಿಲ್ಲ, ಗಾಡಿ ಬಾಡಿಗೆ ಮದ್ದಿನ ಬೆಲೆಗಿಂತ ಜಾಸ್ತಿ. ನಮ್ಮ ಅಕ್ಕನ ಮನೆ ಇರುವುದು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ. ನಿಜಾಮರ ಕಾಲದ ಕಲ್ಲಿನ ಅತಿಥಿಗೃಹದಿಂದ ಆ ಕಡೆಗೆಲ್ಲ ಆ ಹೆಸರು. 'ತಮ್ಮಾ, ಇಷ್ಟು ದಿನ ದವಾಖಾನಿಗಿ ಬಂದ ಮಂದಿ ನಮ್ಮ ಮನ್ಯಾಗ ಇಳೀತಿದ್ರು. ಈಗ ನಾಯಿನೂ ಬಂತೇನೋ!' ಎಂದು ಅಕ್ಕ ನಕ್ಕಳು. ಆದರೂ ಹಿತ್ತಲಲ್ಲಿ ಜಾಗ ಕೊಟ್ಟಳು.

ಅಲ್ಲಿ ಪಾಲಿಸಿದ ನಿಯಮಗಳನ್ನು ಬರೆಯುತ್ತೇನೆ. ಪ್ರತಿ ಇಂಜೆಕ್ಷನ್ನಿಗೆ ಮೊದಲು ರಕ್ತ ಪರೀಕ್ಷೆ. ಬಿಳಿ ರಕ್ತಕಣ ತೀರಾ ಇಳಿದಿದ್ದರೆ ಆ ವಾರ ಇಂಜೆಕ್ಷನ್ ಇಲ್ಲ. ಮದ್ದು ನರದೊಳಗೇ ಹೋಗಬೇಕು. ಒಂದು ಹನಿ ಹೊರಗೆ ಸೋರಿದರೂ ಆ ಜಾಗದ ಚರ್ಮ, ಮಾಂಸ ಕೊಳೆಯುತ್ತದೆ. ಆದ್ದರಿಂದ ಇದು ಪಶುವೈದ್ಯರೇ ಮಾಡಬೇಕಾದ ಕೆಲಸ, ಗೊತ್ತಿದ್ದವರ ಕೈಲಿ ಚುಚ್ಚಿಸುವುದಲ್ಲ. ಇಂಜೆಕ್ಷನ್ ಆದ ಎರಡು ಮೂರು ದಿನ ನಾಯಿಯ ಮೂತ್ರ, ಮಲದಲ್ಲಿ ಮದ್ದಿನ ಅಂಶ ಇರುತ್ತದೆ. ಕೈಗವಸು ಹಾಕಿಯೇ ತೆಗೆಯಬೇಕು. ಮಕ್ಕಳನ್ನು, ಬಸುರಿಯರನ್ನು ಹತ್ತಿರ ಬಿಡಬಾರದು.

ಮೊದಲ ಇಂಜೆಕ್ಷನ್ ಆದ ಮರುದಿನ ಭೀಮ ಅನ್ನ ಮುಟ್ಟಲಿಲ್ಲ, ಎರಡು ಸಲ ವಾಂತಿ ಮಾಡಿತು. ಮೂರನೇ ದಿನ ತಿಂದಿತು. ಎರಡನೇ ಇಂಜೆಕ್ಷನ್ನಿನ ನಂತರ ರಕ್ತ ನಿಂತಿತು. ಮೂರನೆಯದಾದ ಮೇಲೆ ಗೊರಕೆ ಇಲ್ಲ. ಐದನೇ ವಾರ ಮತ್ತೆ ಸ್ಲೈಡು ನೋಡಿದರು, ಆ ದುಂಡು ಕೋಶಗಳ ಸುಳಿವಿಲ್ಲ. ರಕ್ತ ನಿಂತಿತೆಂದು ಎರಡಕ್ಕೇ ಬಿಟ್ಟಿದ್ದರೆ ಗಡ್ಡೆ ಮತ್ತೆ ಚಿಗುರುತ್ತಿತ್ತು ಎಂದು ಡಾಕ್ಟರು ಹೇಳಿದರು. ವಾಸಿಯಾದ ಮೇಲೆ ಭೀಮನಿಗೆ ಬೀಜ ಒಡೆಸಿದೆ, ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿದೆ. ಈಗ ಊರ ತುಂಬ ತಿರುಗುವ ಚಟ ಕಡಿಮೆ, ಹೊಲದಲ್ಲಿ ನಿಲ್ಲುವುದು ಹೆಚ್ಚು.

ಎಲ್ಲರಿಗೂ ಹೀಗಾಗುವುದಿಲ್ಲ

ಇದನ್ನು ಓದಿ ಮೂಗಿನ ಗಡ್ಡೆಯೆಲ್ಲ ಇಂಜೆಕ್ಷನ್ನಿಗೆ ಹೋಗುತ್ತದೆ ಎಂದುಕೊಳ್ಳಬೇಡಿ. ನಮ್ಮ ಪಕ್ಕದ ಊರಿನ ಕುರಿಗಾರ ಗೆಳೆಯರ ಬಳಿ ಮುಧೋಳ ತಳಿಯ ನಾಯಿ ಇತ್ತು. ವಯಸ್ಸು ಹತ್ತು. ಮೂಗಿನ ಕ್ಯಾನ್ಸರ್ ಹೆಚ್ಚಾಗಿ ಬರುವುದು ಈ ವಯಸ್ಸಿಗೇ, ಉದ್ದ ಮೂತಿಯ ನಾಯಿಗಳಿಗೇ. ಅದಕ್ಕೂ ಒಂದೇ ಹೊಳ್ಳೆಯಲ್ಲಿ ರಕ್ತ. ಎಡಗಣ್ಣು ಹೊರಗೆ ಬಂದಿತ್ತು. ಭೀಮ ವಾಸಿಯಾದದ್ದು ಕೇಳಿ, ಆಸೆಯಿಂದ ಹುಮನಾಬಾದ್ ದಾಟಿ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಒಯ್ದರು. ಚೂರು ತೆಗೆದು ಪರೀಕ್ಷಿಸಿದಾಗ ಬಂದ ಉತ್ತರ ಕಾರ್ಸಿನೋಮಾ. ನಿಜವಾದ ಕ್ಯಾನ್ಸರ್.

ಗೆಳೆಯರು ನನ್ನ ಹತ್ತಿರ ಬಂದು ಕೂತರು. 'ಹತ್ತು ವರ್ಷ ತೋಳದ ಬಾಯಿಂದ ಕುರಿ ಉಳಿಸ್ಯದ ಅಣ್ಣಾ. ನಾ ಏನ್ ಮಾಡ್ಲಿ?' ಎಂದರು. ವಿಕಿರಣ ಕೊಡಿಸಲು ಅವರಿಂದ ಆಗುವಂತಿರಲಿಲ್ಲ. ಹತ್ತು ವರ್ಷದ ನಾಯಿಗೆ ಹದಿನೈದಿಪ್ಪತ್ತು ಸಲ ಅರಿವಳಿಕೆ ಕೊಡುವುದೂ ಹಗುರದ ಮಾತಲ್ಲ. ಪಶುವೈದ್ಯರು ಬರೆದುಕೊಟ್ಟ ನೋವಿನ ಔಷಧ ಕೊಟ್ಟು, ಮೂಗು ಒರೆಸಿ, ವಾಸನೆ ತಿಳಿಯದ ನಾಯಿಗೆ ರುಚಿ ಹತ್ತಲೆಂದು ಬಿಸಿ ಸಾರಿನಲ್ಲಿ ರೊಟ್ಟಿ ನೆನೆಸಿ ತಿನ್ನಿಸಿದರು. ಎರಡೂವರೆ ತಿಂಗಳು ಕಳೆಯಿತು. ಉಸಿರಾಟವೇ ಕಷ್ಟವಾದಾಗ ಡಾಕ್ಟರನ್ನು ಕರೆಸಿ, ಇಂಜೆಕ್ಷನ್ನಿನಲ್ಲಿ ನೋವಿಲ್ಲದೆ ಮಲಗಿಸಿದರು. ಊರ ಹೊರಗೆ ಬಿಟ್ಟು ಬರಲಿಲ್ಲ. ಅವರಿಂದ ಆದ ಚಿಕಿತ್ಸೆ ಇದು. ಇದನ್ನೂ ಚಿಕಿತ್ಸೆ ಎಂದೇ ನಾನು ಕರೆಯುತ್ತೇನೆ.

ರೈತರು ಗಮನಿಸಬೇಕಾದ್ದು

ಒಂದು: ನಾಯಿಯ ಮೂಗಿನಲ್ಲಿ ರಕ್ತ ಕಂಡರೆ ಯಾವ ಹೊಳ್ಳೆ, ಎಷ್ಟು ದಿನದಿಂದ, ಉಣ್ಣಿ ಇವೆಯೇ, ಇಲಿ ಔಷಧ ಇಟ್ಟಿದ್ದಿರಾ ಎಂದು ಬರೆದಿಟ್ಟುಕೊಳ್ಳಿ. ಡಾಕ್ಟರಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಎರಡು: ಮನುಷ್ಯರ ನೋವಿನ ಗುಳಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತಸ್ರಾವ ತರುತ್ತವೆ, ಮೂತ್ರಪಿಂಡ ಕೆಡಿಸುತ್ತವೆ.

ಮೂರು: ಮೊದಲು ರಕ್ತ ಪರೀಕ್ಷೆ, ಆಮೇಲೆ ಸ್ಲೈಡು, ಅದರಲ್ಲಿ ತಿಳಿಯದಿದ್ದರೆ ಚೂರು ತೆಗೆದು ಪರೀಕ್ಷೆ. ಇಷ್ಟಾಗದೆ 'ಕ್ಯಾನ್ಸರ್' ಎಂದು ಯಾರು ಹೇಳಿದರೂ ನಂಬಬೇಡಿ, 'ಏನೂ ಇಲ್ಲ' ಎಂದರೂ ನಂಬಬೇಡಿ.

ನಾಲ್ಕು: ಟಿ.ವಿ.ಟಿ. ಇರುವ ನಾಯಿಯನ್ನು ವಾಸಿಯಾಗುವವರೆಗೆ ಕಟ್ಟಿಹಾಕಿ. ಬಿಟ್ಟರೆ ಊರಿನ ಹತ್ತು ನಾಯಿಗೆ ಹಂಚುತ್ತದೆ. ಹೊಲದ ನಾಯಿಗೆ ಗಂಡಾಗಲಿ ಹೆಣ್ಣಾಗಲಿ ಸಂತಾನಹರಣ ಮಾಡಿಸುವುದೇ ಒಳ್ಳೆಯ ತಡೆ.

ಐದು: ಮೂಗು ಬಾಯಿ ಮುಟ್ಟುವ ಮೊದಲು ಕೈಗವಸು ಹಾಕಿ. ಲಸಿಕೆ ಹಾಕಿಸದ ನಾಯಿಯ ಬಾಯಲ್ಲಿ ಜೊಲ್ಲು, ನಡವಳಿಕೆಯಲ್ಲಿ ಬದಲಾವಣೆ ಕಂಡರೆ ಹುಚ್ಚುನಾಯಿ ರೋಗದ ಸಂಶಯ ಇಟ್ಟುಕೊಂಡು ದೂರ ನಿಂತೇ ಡಾಕ್ಟರನ್ನು ಕರೆಯಿರಿ.

ಆರು: ಊರಿನ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ನಮ್ಮ ಭಾಗದವರಿಗೆ ಬೀದರ್ ಹತ್ತಿರ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೇ ಅಲ್ಲಿದೆ. ದಕ್ಷಿಣದವರಿಗೆ ಬೆಂಗಳೂರಿನ ಹೆಬ್ಬಾಳದ ಕಾಲೇಜು ಇದೆ. ಹೋಗುವಾಗ ಹಿಂದಿನ ಚೀಟಿ, ರಕ್ತದ ವರದಿ ಎಲ್ಲ ಒಟ್ಟಿಗೆ ಒಯ್ಯಿರಿ. ಇಲ್ಲದಿದ್ದರೆ ಅದೇ ಪರೀಕ್ಷೆಗೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ.